ಬಿಟ್ಟಿ ಕೌದಿ, ರೇಟಿನ ಕೌದಿ

ಹೊಲಿಗೆ ಮಿಷನ್ ತುಳಿಯುವುದನ್ನು ಯಾರು ಬೇಕಾದರೂ ಕಲಿಯಬಹುದು. ಚಾಳೀಸು ಬಂದ ಮೇಲೂ ಸೂಜಿಗೆ ನೂಲು ಪೋಣಿಸುವುದು ಹೇಗೋ ಆಗುತ್ತದೆ. ಆದರೆ ಹೊಲಿದದ್ದನ್ನು ಮಡಿಸಿ ಎದುರಿಗಿಟ್ಟು, ನೆಂಟರ ಮುಖವನ್ನೇ ನೋಡುತ್ತಾ "ಸಾವಿರದ ಎಂಟುನೂರು" ಎನ್ನುವುದಿದೆಯಲ್ಲ, ಅದನ್ನು ಯಾವ ಟೈಲರಿಂಗ್ ಕ್ಲಾಸಿನಲ್ಲೂ ಹೇಳಿಕೊಡುವುದಿಲ್ಲ. ರೇಟು ನಾಲಿಗೆಯ ತುದಿಗೆ ಬಂದಾಗ ಗಂಟಲು ಒಣಗುತ್ತದೆ. ಕೊನೆಗೆ ಹೊರಬೀಳುವ ಮಾತು ಒಂದೇ: "ಅಯ್ಯೋ, ನಿಮ್ಮತ್ರ ಏನು ತಗೊಳ್ಳೋದು, ಇಟ್ಕೊಳ್ಳಿ." ಈ 'ಇಟ್ಕೊಳ್ಳಿ'ಯ ದೆಸೆಯಿಂದ ನಮ್ಮ ಹಾಸನ ಜಿಲ್ಲೆಯಲ್ಲಿ ಎಷ್ಟು ಗೃಹೋದ್ಯಮಗಳು ಹುಟ್ಟುವ ಮೊದಲೇ ಕಣ್ಣು ಮುಚ್ಚಿವೆಯೋ, ಜಿಲ್ಲಾ ಕೈಗಾರಿಕಾ ಕೇಂದ್ರದವರಿಗೂ ಲೆಕ್ಕ ಸಿಕ್ಕಲಾರದು.

ನನಗೆ ಕೌದಿಯ ಹುಚ್ಚು ಹತ್ತಿಸಿದ್ದು ನಮ್ಮ ಮನೆಯ ಬೀರು. ಉಡಲಾಗದ, ಎಸೆಯಲೂ ಮನಸ್ಸು ಬಾರದ ಸೀರೆಗಳು, ಮಕ್ಕಳ ಹಳೇ ಯೂನಿಫಾರಂ, ಯಜಮಾನರ ಪಂಚೆಗಳು ಸೇರಿ ಬಾಗಿಲು ಹಾಕಲು ಬಿಡುತ್ತಿರಲಿಲ್ಲ. ಮದುವೆಯಲ್ಲಿ ತವರಿನವರು ಕೊಟ್ಟ ಉಷಾ ಮಿಷನ್ ಮೂಲೆಯಲ್ಲಿ ಟಿ.ವಿ.ಗೆ ಮೇಜಾಗಿ ನಿಂತಿತ್ತು. ಟಿ.ವಿ. ಗೋಡೆ ಹತ್ತಿದ ಮೇಲೆ ಮಿಷನ್ನಿಗೂ ನನಗೂ ಒಟ್ಟಿಗೇ ಬಿಡುವಾಯಿತು. ಹಾಸನಕ್ಕೆ ಬಡವರ ಊಟಿ ಎಂದು ಹೆಸರಿಟ್ಟವರು ಯಾರೋ, ಕಾರ್ತಿಕ ಮಾಸದ ಬೆಳಗಿನ ಜಾವ ನಲ್ಲಿ ನೀರಿಗೆ ಕೈಯೊಡ್ಡಿಯೇ ಇಟ್ಟಿರಬೇಕು. ಹೊದೆಯುವುದು ಬೇಡ ಎನ್ನುವ ಜನ ಈ ಸೀಮೆಯಲ್ಲಿ ಕಡಿಮೆ.

ಒಳಪದರಕ್ಕೆ ಹಳೇ ಹತ್ತಿ ಸೀರೆಯಂಥದ್ದು ಇನ್ನೊಂದಿಲ್ಲ. ಒಗೆದು ಒಗೆದು ಮೆತ್ತಗಾಗಿ, ಸೂಜಿ ಕೇಳಿದ ಕಡೆ ದಾರಿ ಬಿಡುತ್ತದೆ. ಪಾಲಿಯೆಸ್ಟರ್ ಸೀರೆಯದ್ದು ಬರೀ ತಕರಾರು. ಮಿಷನ್ನಿನ ಪಾದದಡಿಯಲ್ಲಿ ಮೇಲಿನ ಪದರ ಮುಂದಕ್ಕೆ ಜಾರಿದರೆ ಕೆಳಗಿನದು ಹಿಂದಕ್ಕೆ ಎಳೆಯುತ್ತದೆ. ಸಾಲು ಮುಗಿಯುವಷ್ಟರಲ್ಲಿ ಅಂಚಿನಲ್ಲಿ ನೆರಿಗೆ ಎದ್ದಿರುತ್ತದೆ. ಅದಕ್ಕೇ ಮೊದಲು ಎಲ್ಲ ಪದರಗಳನ್ನೂ ಹಾಲ್‌ನಲ್ಲಿ ನೆಲಕ್ಕೆ ಹಾಸಿ, ನಾಲ್ಕು ಮೂಲೆಗೂ ಭಾರ ಹೇರಿ, ಉದ್ದಕ್ಕೂ ಅಡ್ಡಕ್ಕೂ ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕು. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಹಾಲ್ ದಾಟುವಂತಿಲ್ಲ. ಯಜಮಾನರು ಕಾಫಿಗಾಗಿ ಹಿತ್ತಲಿನಿಂದ ಸುತ್ತಿ ಬರುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಇನ್ನು ಬಾಬಿನ್ನಿನ ನೂಲು ಮುಗಿಯುವುದು ಯಾವಾಗಲೂ ಸಾಲಿನ ನಡುವೆ. ಮಿಷನ್ ಬರಿದೇ ಓಡಿದೆ ಎಂದು ಗೊತ್ತಾಗುವುದು ಆ ತುದಿ ಮುಟ್ಟಿದ ಮೇಲೆ.

ಮೊದಮೊದಲ ಕೌದಿಗಳೆಲ್ಲ 'ಇಟ್ಕೊಳ್ಳಿ' ಖಾತೆಗೆ ಹೋದವು. ಆಮೇಲೆ ನೆಂಟರ ಮನೆಗಳಿಗೆ ಹೋದಾಗಲೆಲ್ಲ ನನ್ನ ಕೈಕೆಲಸ ಅನಿರೀಕ್ಷಿತ ಜಾಗಗಳಲ್ಲಿ ಎದುರಾಗತೊಡಗಿತು. ಹೊಳೆನರಸೀಪುರದ ಚಿಕ್ಕಮ್ಮನ ಮನೆಯಲ್ಲಿ ಅದು ಇಸ್ತ್ರಿ ಮೇಜಿನ ಮೇಲಿತ್ತು. ಅರಕಲಗೂಡಿನ ಭಾವನವರು ಆಲೂಗಡ್ಡೆ ಮೂಟೆಗೆ ಹೊದಿಸಿದ್ದರು. ಚನ್ನರಾಯಪಟ್ಟಣದ ನಾದಿನಿಯಂತೂ ಬಾಗಿಲಲ್ಲೇ ಹೇಳಿದಳು: "ಅತ್ತಿಗೆ, ನಿಮ್ಮ ಕೌದಿ ಅಂದ್ರೆ ನಮ್ಮ ಟೈಗರ್‌ಗೆ ಪ್ರಾಣ ಕಣ್ರೀ. ಬೇರೆ ಎಲ್ಲೂ ಮಲಗಲ್ಲ." ಟೈಗರ್ ನನ್ನನ್ನು ನೋಡಿ ಬಾಲ ಆಡಿಸಿತು. ಆವರೆಗೆ ನನಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಮೆಚ್ಚುಗೆ ಅದೇ.

ಇದನ್ನು ಕೇಳಿ ಬೆಂಗಳೂರಿನ ಮಗಳು ಫೋನಿನಲ್ಲಿ ಪಾಠ ಮಾಡಿದಳು. ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಹಿಡಿದು ನಡುವಿನತ್ತ ಕೈಯಲ್ಲೇ ಹೊಲಿಗೆ ಹಾಕುತ್ತಾ ಬರುವ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡಿದ್ದವಂತೆ. ಮೂಲೆಗಳಿಗೆ ಬಣ್ಣದ ತ್ರಿಕೋನದ 'ಫೂಲ' ಇಡದಿದ್ದರೆ ಅವರ ಕಣ್ಣಿಗೆ ಕೌದಿ ಪೂರ್ತಿಯಾಗುವುದೇ ಇಲ್ಲ. ದೇವದಾಸಿ ಪದ್ಧತಿಯಿಂದ ಹೊರಬಂದ ಮೂರು ಸಾವಿರ ಹೆಂಗಸರು ಒಬ್ಬೊಬ್ಬರು ಒಂದೊಂದು ಹೊಲಿಗೆ ಹಾಕಿಕೊಟ್ಟ ಕೌದಿಯ ನೆನಪಿಗೆ ಸುಧಾ ಮೂರ್ತಿಯವರು 2017ರ ತಮ್ಮ ಪುಸ್ತಕಕ್ಕೆ ಆ ಮೂರು ಸಾವಿರ ಹೊಲಿಗೆಗಳ ಹೆಸರನ್ನೇ ಇಟ್ಟರು. "ಅಲ್ಲಿ ನೋಡಿದ್ರೆ ನ್ಯೂಯಾರ್ಕ್, ಇಲ್ಲಿ ನೋಡಿದ್ರೆ ಆಲೂಗಡ್ಡೆ. ಅಮ್ಮ, ನೀನು ರೇಟ್ ಹೇಳೋದು ಕಲಿ" ಎಂದಳು.

ಅಂದು ರಾತ್ರಿ ಯಜಮಾನರು ಹಳೇ ಡೈರಿಯ ಖಾಲಿ ಹಾಳೆಯಲ್ಲಿ ಲೆಕ್ಕಕ್ಕೆ ಕೂತರು. ಮೇಲ್ಬಟ್ಟೆ, ನೂಲು, ಸೂಜಿ, ಮಿಷನ್ ಎಣ್ಣೆ, ಕರೆಂಟು ಎಲ್ಲ ಬರೆದು "ನಿನ್ನ ಕೂಲಿ ಎಷ್ಟು ಹಾಕ್ಲಿ?" ಎಂದು ಕೇಳಿದರು. ಮದುವೆಯಾದಾಗಿನಿಂದ ಈ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದೇ ಇರಲಿಲ್ಲ. "ನನಗೆಂಥ ಕೂಲಿ" ಎಂದೆ. ಅವರು ಒಂದು ಮೊತ್ತ ಬರೆದರು. ನೋಡಿದ ಮೇಲೆ ಅಷ್ಟು ಸಾಲದು ಅನ್ನಿಸಿತು. ರೇಟು ಹೇಳುವ ಅಭ್ಯಾಸ ಶುರುವಾದದ್ದು ಹೀಗೆ, ಗಂಡನ ಮೇಲೆ.

ಪೈಪೋಟಿ ಕಡಿಮೆಯದ್ದಲ್ಲ. ಒಂದು ಕಡೆ ನಮ್ಮೂರಿನದೇ ಹಿಮತ್‌ಸಿಂಗ್ಕಾ ಕಾರ್ಖಾನೆ. ಅಲ್ಲಿ ತಯಾರಾದ ಬೆಡ್‌ಶೀಟಿನ ಮೇಲೆ ಅಮೆರಿಕದವರು ಮಲಗುತ್ತಾರೆ. ಇನ್ನೊಂದು ಕಡೆ ಚಳಿಗಾಲ ಬಂತೆಂದರೆ ರಸ್ತೆ ಬದಿಯಲ್ಲಿ ರಾಶಿ ಬೀಳುವ, ಹುಲಿ ಚಿತ್ರದ ಮಿರಮಿರ ರಗ್ಗುಗಳು. ಇಂಥವಕ್ಕೆ ಹೆಸರಾದ ಹರಿಯಾಣದ ಪಾಣಿಪತ್ತಿನಲ್ಲಿ ದೇಶವಿದೇಶದವರು ಉಟ್ಟು ಬಿಟ್ಟ ಬಟ್ಟೆಯನ್ನು ಹರಿದು, ನೂಲು ತೆಗೆದು, ಮತ್ತೆ ಕಂಬಳಿ ನೇಯುವ ಗಿರಣಿಗಳಿವೆ. ನನ್ನ ಬೀರು ಸಣ್ಣದು, ಅವರದು ಭೂಗೋಳದಷ್ಟು ದೊಡ್ಡದು. ದಂಧೆ ಮಾತ್ರ ಇಬ್ಬರದೂ ಒಂದೇ ಎಂದು ಸಮಾಧಾನ ಮಾಡಿಕೊಂಡೆ. ಸರಕು ಮಾರುವವರಿಗೆ ರಾಜ್ಯದೊಳಗೆ ವರ್ಷದ ವಹಿವಾಟು 40 ಲಕ್ಷ ದಾಟುವ ತನಕ ಜಿ.ಎಸ್.ಟಿ. ನೋಂದಣಿ ಬೇಕಿಲ್ಲ ಎಂದು ಆಡಿಟರ್ ಹೇಳಿದಾಗ, ಆ ಗೆರೆಗೂ ನನಗೂ ನಡುವಿನ ದೂರ ನೆನೆದು ಇಬ್ಬರೂ ನಕ್ಕೆವು.

2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದದ್ದು ನನ್ನ ವ್ಯಾಪಾರಕ್ಕೆ ದೊಡ್ಡ ಬಂಡವಾಳ. ಗಂಟು ಹೊತ್ತು ಹತ್ತಿದರೆ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಡುತ್ತಾರೆ. ಬಿಟ್ಟಿ ಟಿಕೆಟ್ ಸೆರಗಿಗೆ ಕಟ್ಟಿಕೊಂಡು, ಲೋಕದಲ್ಲಿ ಯಾವುದೂ ಬಿಟ್ಟಿ ಸಿಗುವುದಿಲ್ಲವೆಂದು ಮೂರು ತಾಲ್ಲೂಕಿನ ನೆಂಟರಿಗೆ ತಿಳಿಸಲು ನಾನು ಹೊರಡುತ್ತಿದ್ದೆ.

ಒಂದೊಂದು ಊರಿನ ಚೌಕಾಸಿ ಒಂದೊಂದು ಥರ. ಹೊಳೆನರಸೀಪುರ 1996ರಲ್ಲಿ ದೇಶಕ್ಕೆ ಪ್ರಧಾನಿಯನ್ನು ಕೊಟ್ಟ ತಾಲ್ಲೂಕು. ಹದಿಮೂರು ಪಕ್ಷಗಳನ್ನು ಒಟ್ಟಿಗೆ ಕೂರಿಸಿದ ಕಾಲದ ಗಾಳಿ ಅಲ್ಲಿನ್ನೂ ಬೀಸುತ್ತದೆ. ಗಿರಾಕಿ ಒಬ್ಬರೇ ಬರುವುದಿಲ್ಲ. ಅಕ್ಕಪಕ್ಕದ ಮೂವರು ಒಟ್ಟಾಗಿ ಕೂತು, ನಾಲ್ಕನೆಯವರ ಬಾಹ್ಯ ಬೆಂಬಲ ಪಡೆದು, "ಮೂರು ತಗೊಂಡ್ರೆ ಎಷ್ಟು ಬಿಡ್ತೀರಾ?" ಎಂದು ಶುರುಮಾಡುತ್ತಾರೆ. ಕೊನೇ ಗಳಿಗೆಯಲ್ಲಿ ಒಬ್ಬರು ಬೆಂಬಲ ವಾಪಸು ತೆಗೆದರೆ ಮಾತುಕತೆ ಮತ್ತೆ ಮೊದಲಿನಿಂದ.

ಅರಕಲಗೂಡಿನದು ತಂಬಾಕು, ಆಲೂಗಡ್ಡೆಯ ನೆಲ. ಅಲ್ಲಿನ ರೈತರು ಕೌದಿಯನ್ನು ಕಣ್ಣಿನಿಂದ ನೋಡುವುದಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಅಂಚು ಹಿಡಿದು ಹೊಸಕಿ, ಬೆಳಕಿಗೆ ಹಿಡಿದು, ಹೊಗೆಸೊಪ್ಪಿನ ಗ್ರೇಡು ನೋಡುವ ಗತ್ತಿನಲ್ಲಿ "ಒಳಗಡೆ ಒಂದು ಪದರ ಟೆರಿಕಾಟ್ ಐತೆ ಕಣವ್ವ" ಎಂದುಬಿಡುತ್ತಾರೆ. ಇದ್ದದ್ದು ನಿಜ. ದುಡ್ಡು ಯಾವಾಗ ಎಂದರೆ "ರಾಮನಾಥಪುರದ ಹರಾಜಲ್ಲಿ ಬೇಲ್ ಹೋಗ್ಲಿ." ಹೇಳಿದ ಹಾಗೆ ಕೊಟ್ಟಿದ್ದಾರೆ, ಒಂದು ಕೌದಿಗಂತೂ ಜೊತೆಗೆ ಅರ್ಧ ಮೂಟೆ ಆಲೂಗಡ್ಡೆ ಬಂತು. ಈ ಸಲ ಅದಕ್ಕೆ ಗೋಣಿಚೀಲವೇ ಹೊದಿಕೆ.

ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರದವರ ಪ್ರಶ್ನೆ ಒಂದೇ: "ತೂಕ ಎಷ್ಟು ಬತ್ತದೆ?" ಕೌದಿಗೂ ಕೆ.ಜಿ. ಲೆಕ್ಕ ಹಾಕಿ ತಾವೇ ಒಂದು ದರ ಕಟ್ಟುತ್ತಾರೆ. ಒಬ್ಬರಂತೂ ತಕ್ಕಡಿಗೇ ಹಾಕಿಸಿದರು. ಬಂದ ರೇಟು ನಾನು ಹೇಳಬೇಕೆಂದಿದ್ದುದಕ್ಕಿಂತ ಹೆಚ್ಚಿತ್ತು. ಗಂಟಲು ಒಣಗುವುದು ಎಲ್ಲ ಸಲವೂ ನಷ್ಟವಲ್ಲ ಎಂದು ಅಂದು ತಿಳಿಯಿತು. ಅಲ್ಲಿಂದ ಶ್ರವಣಬೆಳಗೊಳಕ್ಕೂ ಹೋಗಿ, ಚಾವುಂಡರಾಯ ಸಾವಿರ ವರ್ಷದ ಹಿಂದೆ ನಿಲ್ಲಿಸಿದ 58 ಅಡಿಯ ಗೊಮ್ಮಟನಿಗೆ ಕೈಮುಗಿದು ಬಂದೆ. ಚಳಿ, ಮಳೆ, ಗಾಳಿ ಯಾವುದಕ್ಕೂ ಜಗ್ಗದೆ, ನೂಲೆಳೆಯೂ ಬೇಡವೆಂದು ನಿಂತ ಆ ದಿಗಂಬರ ಮೂರ್ತಿಯ ಮುಂದೆ ಕೌದಿ ಗಂಟು ಹೊತ್ತವಳಿಗೆ ಕೊಂಚ ನಾಚಿಕೆಯೇ ಆಯಿತು.

ಹಾಸನದಲ್ಲಿ ಸುಗ್ಗಿ ಎಂದರೆ ಹಾಸನಾಂಬೆಯ ಬಾಗಿಲು ತೆರೆಯುವ ಕಾಲ. ವರ್ಷಕ್ಕೊಮ್ಮೆ ಮಾತ್ರ ಸಿಗುವ ದರ್ಶನಕ್ಕೆ ಜನ ರಾತ್ರಿಯೆಲ್ಲ ಸಾಲಿನಲ್ಲಿ ನಿಂತು ನಡುಗುತ್ತಾರೆ, ನಡುಗುವವರು ಚೌಕಾಸಿ ಮಾಡುವುದಿಲ್ಲ. ಅದೇ ಸಮಯಕ್ಕೆ ಮಗಳು ಸ್ಕ್ಯಾನ್ ಮಾಡುವ ಬೋರ್ಡನ್ನೂ ದುಡ್ಡು ಬಂದರೆ ಕೂಗಿ ಹೇಳುವ ಡಬ್ಬಿಯನ್ನೂ ತರಿಸಿಕೊಟ್ಟಳು. ಎಂಥ ಧೈರ್ಯ ಆ ಡಬ್ಬಿಗೆ! ನಾನು ನೆಲ ನೋಡುತ್ತಾ ಗೊಣಗುವ ಮೊತ್ತವನ್ನು ಅದು ಯಾವ ನೆಂಟರ ಮುಲಾಜೂ ಇಲ್ಲದೆ ಬೀದಿಗೆಲ್ಲ ಕೇಳುವ ಹಾಗೆ ಸಾರುತ್ತದೆ. ಅದರ ಜೊತೆ ಇದ್ದೂ ಇದ್ದೂ ನನ್ನ ಗಂಟಲೂ ತೆರೆಯಿತು.

ತೆರೆದ ಗಂಟಲಿನ ಮೊದಲ ಬೋಣಿ ಹೊಳೆನರಸೀಪುರದ ಚಿಕ್ಕಮ್ಮನದೇ. ಮೊಮ್ಮಗನ ನಾಮಕರಣಕ್ಕೆ ಮೂಲೆಗೆಲ್ಲ 'ಫೂಲ' ಇಟ್ಟ ಕೌದಿ ಬೇಕೆಂದರು. ರೇಟು ಹೇಳಿದೆ. ಅವರು ಕ್ಷಣ ಹೊತ್ತು ನನ್ನನ್ನೇ ನೋಡಿ, ಮಗನ ಕೈಲಿ ಫೋನು ತೆಗೆಸಿದರು, ಡಬ್ಬಿ ಕೂಗಿತು. ಮಾರನೇ ವಾರ ಚಿಕ್ಕಮ್ಮನ ಫೋನು ಬಂತು: "ಲೇ, ಎಡಗಡೆ ಮೂರನೇ ಸಾಲು ಸೊಟ್ಟ ಹೋಗಿದೆ ನೋಡು. ದುಡ್ಡು ಕೊಟ್ಟಿದ್ದೀನಿ, ಬಂದು ಸರಿ ಮಾಡಿಕೊಡು."

ಇಸ್ತ್ರಿ ಮೇಜಿನ ಮೇಲಿನ ಬಿಟ್ಟಿ ಕೌದಿಯಲ್ಲಿ ಸಾಲುಗಳೆಲ್ಲ ಹಾವಿನ ಹಾಗೆ ಹರಿದಿದ್ದವು. ಅದರ ಬಗ್ಗೆ ಅವರು ಒಂದು ದಿನವೂ ಚಕಾರ ಎತ್ತಿದವರಲ್ಲ. ಈ ಕೌದಿಯ ಒಂದೊಂದು ಸಾಲನ್ನೂ ಎಣಿಸಿದ್ದಾರೆ. ನನ್ನ ಹೊಲಿಗೆಯನ್ನು ಅವರು ಕಣ್ಣಿಟ್ಟು ನೋಡಿದ್ದು ಇದೇ ಮೊದಲು. ಮಿಷನ್ನಿಗೆ ಎಣ್ಣೆ ಬಿಟ್ಟು, ಸರಿಮಾಡಿಕೊಟ್ಟು ಬಂದೆ. ರಿಪೇರಿಗೆ ರೇಟು ಹೇಳಲು ಮಾತ್ರ ಬಾಯಿ ಬರಲಿಲ್ಲ. ಅದಕ್ಕೂ ಒಂದು ಡಬ್ಬಿ ಸಿಗುತ್ತದಾ ಎಂದು ಮಗಳನ್ನು ಕೇಳಿದ್ದೇನೆ.