ಗೋಡೆ ಏರಿದ ಕರಿಯ

ನಮ್ಮ ವಂಶದಲ್ಲಿ ಕಲಾವಿದರಿಂದ ಚಿತ್ರ ಬರೆಸಿಕೊಂಡವರು ಯಾರೂ ಇರಲಿಲ್ಲ. ತಾತನದು ಸ್ಟುಡಿಯೋದವರ ಕೋಟನ್ನೇ ತೊಟ್ಟು ತೆಗೆಸಿದ ಫೋಟೊ. ಅಪ್ಪನದು ಮತದಾರರ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದು. ಹಾಗಾಗಿ ಹಾಲ್‌ನಲ್ಲಿ ಅವರು ಇಂದಿಗೂ ಚುನಾವಣಾ ಸಿಬ್ಬಂದಿಯ ಮೇಲೆ ಸಿಟ್ಟಾದವರಂತೆಯೇ ಕಾಣುತ್ತಾರೆ. ಇಂಥ ಮನೆತನದಲ್ಲಿ ತೈಲವರ್ಣಕ್ಕೆ ಏರಿದ ಮೊದಲಿಗ ಕರಿಯ. ಕರಿಯ ನಮ್ಮ ನಾಯಿ. ತಳಿ ಯಾವುದು ಎಂದು ಕೇಳಿದವರಿಗೆ 'ನಾಟಿ' ಎನ್ನುತ್ತೇವೆ. ಇನ್ನೂ ಕೆದಕಿದರೆ, 'ಕುವೆಂಪುನಗರದ ಮೋರಿ ಪಕ್ಕದವನು' ಎನ್ನುತ್ತೇವೆ.

ಇದು ಬೆಂಗಳೂರಿನಲ್ಲಿರುವ ಮಗಳ ಯೋಜನೆ. ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಉಡುಗೊರೆಯಂತೆ. "ವಾರ್ಷಿಕೋತ್ಸವ ನಮ್ಮದಲ್ಲವೇನಮ್ಮ, ನಮ್ಮಿಬ್ಬರದೇ ಬರೆಸಬಹುದಿತ್ತಲ್ಲ" ಅಂದೆ. "ನಿಮ್ದು ಫೋಟೊ ಇದೆಯಲ್ಲಪ್ಪ" ಅಂದಳು.

ಕಲಾವಿದರು ಮೈಸೂರಿನ ಕಲಾಶಾಲೆ ಕಾವಾದಲ್ಲಿ ಓದಿದ ಯುವಕ. ಅರ್ಧ ಹಣ ಮುಂಗಡ. ನಾಯಿ ಬಂದು ಕೂರಬೇಕಾಗಿಲ್ಲ, ಫೋಟೊ ಸಾಕು. ಆದರೆ ಅದು ಎಂಥ ಫೋಟೊ ಆಗಿರಬೇಕು ಎನ್ನುವುದಕ್ಕೆ ದೊಡ್ಡ ಸಂಹಿತೆಯೇ ಇತ್ತು. "ಫ್ಲ್ಯಾಶ್ ಹಾಕ್ಬೇಡಿ ಸರ್, ನಾಯಿ ಕಣ್ಣಿನ ಹಿಂದೆ ಬೆಳಕು ವಾಪಸ್ ಹೊಡೆಯೋ ಒಂದು ಪದರ ಇರುತ್ತೆ, ಹಸಿರು ದೀಪ ಉರಿದ ಹಾಗೆ ಬರುತ್ತೆ. ನಿಂತು ತೆಗೀಬೇಡಿ, ತಲೆ ದಪ್ಪ, ಕಾಲು ಸಣ್ಣ ಆಗುತ್ತೆ. ಕಿಟಕಿ ಬೆಳಕಲ್ಲಿ, ಅದರ ಕಣ್ಣಿನ ಮಟ್ಟಕ್ಕೆ ಬಂದು ತೆಗೀರಿ."

ಕರಿಯನ ಕಣ್ಣಿನ ಮಟ್ಟಕ್ಕೆ ಬರುವುದೆಂದರೆ ನನ್ನ ವಯಸ್ಸಿನಲ್ಲಿ ಸಾಮಾನ್ಯ ಸಂಗತಿಯಲ್ಲ. ಮಂಡಿ ಒಪ್ಪದ ಕಾರಣ ಹೊಟ್ಟೆಯ ಮೇಲೆ ಮಲಗಿದೆ. ಯಜಮಾನನಿಗೆ ಕೊನೆಗೂ ಬುದ್ಧಿ ಬಂತು ಎಂದುಕೊಂಡ ಕರಿಯ ಓಡಿ ಬಂದು ನನ್ನ ಕನ್ನಡಕವನ್ನೂ ಮೊಬೈಲನ್ನೂ ಒಟ್ಟಿಗೆ ನೆಕ್ಕಿದ. ಜಗನ್ಮೋಹನ ಅರಮನೆಯಲ್ಲಿ ಕೈಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವಿದೆಯಲ್ಲ, ಎಸ್.ಎಲ್. ಹಲದಣಕರ್ ಅವರದು, ತೈಲವರ್ಣ ಎಂದು ಎಷ್ಟೋ ಜನ ಬೇಸ್ತು ಬೀಳುವ ಜಲವರ್ಣ? ಅದಕ್ಕಾಗಿ ಅವರ ಮಗಳು ಗಂಟೆಗಟ್ಟಲೆ ದೀಪ ಹಿಡಿದು ನಿಂತಿದ್ದರಂತೆ. ಕರಿಯನಿಂದ ಅರ್ಧ ನಿಮಿಷದ ಸ್ಥಿರತೆ ಪಡೆಯಲು ನನ್ನ ಮಡದಿ ನನ್ನ ನೆತ್ತಿಯ ಮೇಲೆ ಮಾರಿ ಬಿಸ್ಕತ್ತು ಹಿಡಿದು ನಿಲ್ಲಬೇಕಾಯಿತು. ಫೋಟೊ ನೋಡಿದ ಕಲಾವಿದರು, "ಕಣ್ಣಲ್ಲಿ ಏನೋ ಧ್ಯಾನ ಇದೆ ಸರ್" ಎಂದು ಮೆಚ್ಚಿದರು. ಧ್ಯಾನ ಯಾವುದರದ್ದು ಎಂದು ನಾವು ಹೇಳಲಿಲ್ಲ.

ಆಮೇಲೆ ಅವರು ಒಂದು ಸುದ್ದಿ ಹೇಳಿದರು: ಕರಿ ನಾಯಿಗೆ ಕರಿ ಬಣ್ಣ ಹಚ್ಚುವುದಿಲ್ಲವಂತೆ. ಟ್ಯೂಬಿನ ಕಪ್ಪನ್ನು ಹಾಗೇ ಬಳಿದರೆ ಕ್ಯಾನ್ವಾಸಿನಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಅದಕ್ಕೇ ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಎಂಬ ಕಂದು ಬೆರೆಸಿ ಕಪ್ಪು ಮಾಡಿಕೊಳ್ಳುತ್ತಾರೆ. ಮೊದಲು ಗಾಢ ನೆರಳು, ಅದರ ಮೇಲೆ ಕೂದಲು ಮಲಗಿದ ದಿಕ್ಕಿಗೇ ಸಣ್ಣ ಕುಂಚದ ತೆಳು ಗೆರೆಗಳು, ಬೆಳಕು ಬಿದ್ದ ಕಡೆ ನೀಲಿಯ ಛಾಯೆ. ಅರ್ಧ ಮುಗಿದ ಚಿತ್ರವನ್ನು ಮೊಬೈಲಿನಲ್ಲಿ ನೋಡಿದ ಅಮ್ಮ, "ಕಾಸು ಕೊಟ್ಟು ನೀಲಿ ನಾಯಿ ಬರೆಸ್ತಾರೇನೋ? ಇದೇನು ಕೃಷ್ಣಾಷ್ಟಮಿಗಾ?" ಅಂದರು.

ನಿಜವಾದ ಜಗಳ ಹತ್ತಿದ್ದು ಕಿವಿಯ ವಿಷಯಕ್ಕೆ. ಕರಿಯನ ಎಡಗಿವಿಯ ತುದಿ ಹರಿದಿದೆ. ಅದನ್ನು ಇದ್ದ ಹಾಗೇ ಬರೆಯಬೇಕು, ಅದೇ ಅವನ ಗುರುತು ಎಂದಳು ಮಗಳು. "ಮದುವೆಗೆ ಕೊಡೋ ಫೋಟೊದಲ್ಲಿ ಮಚ್ಚೆ ತೆಗೆಸಲ್ವೇನ್ರೀ? ಹಾಗೇ ಇದೂ. ಕಿವಿ ಪೂರ್ತಿ ಇರಲಿ" ಎಂದಳು ಮಡದಿ. ನನ್ನ ಒಲವು ಮಗಳ ಕಡೆಗಿತ್ತು. ಅದಕ್ಕೆ ಶಾಸನದ ಆಧಾರವೂ ಇತ್ತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 950ರ ಸುಮಾರಿನ ಕಲ್ಲನ್ನೇ ನೋಡಿ. ಮೆಚ್ಚಿದ ದೊರೆ ಬೇಡಿಕೋ ಎಂದಾಗ ಮಣಲೇರನೆಂಬ ವೀರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಕಾದಾಡಿ, ಕೊಂದು, ತಾನೂ ಸತ್ತಿತು. ಮಣಲೇರ ಆ ಕಾದಾಟವನ್ನೇ ಕಲ್ಲಿನಲ್ಲಿ ಕೆತ್ತಿಸಿ, ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಮಾಡದೆ ಗೊರವ, ಅಂದರೆ ಶೈವ ಪೂಜಾರಿ, ಉಣ್ಣಬಾರದೆಂದು ಬರೆಸಿದ. (ನಮ್ಮಲ್ಲೂ ಕರಿಯನಿಗೆ ಹಾಕದೆ ಯಾರೂ ಉಣ್ಣುವಂತಿಲ್ಲ. ಶಾಸನ ಹಾಕಿಸಿಲ್ಲ, ಅಷ್ಟೆ.) ಯುದ್ಧದ ಗಾಯವನ್ನು ಅಳಿಸುವುದು ಕನ್ನಡನಾಡಿನ ಪರಂಪರೆಗೆ ಅಪಚಾರ ಎಂದು ವಾದಿಸಿದೆ. "ಪಕ್ಕದ ಮನೆ ಬೆಕ್ಕು ಪರಚಿದ್ದು ಯಾವ ಸೀಮೆ ಯುದ್ಧ?" ಎಂದಳು ಮಡದಿ. ಕಿವಿ ಪೂರ್ತಿಯಾಯಿತು. ಹಿನ್ನೆಲೆಯಲ್ಲಿ ಚಾಮುಂಡಿಬೆಟ್ಟ ಬೇಕೆಂಬ ಅವಳ ಇನ್ನೊಂದು ಬೇಡಿಕೆಯನ್ನು ಮಾತ್ರ ಕಲಾವಿದರು ಒಪ್ಪಲಿಲ್ಲ.

ಚಿತ್ರ ಬಂತು. ಚೆನ್ನಾಗಿದೆ, ಸುಳ್ಳು ಹೇಳಬಾರದು. ಕಣ್ಣಿನಲ್ಲಿ ಒಂದೇ ಒಂದು ಬಿಳಿ ಚುಕ್ಕೆ ಇಟ್ಟಿದ್ದಾರೆ, ನಮ್ಮ ಕಿಟಕಿಯದು. ಅದರಿಂದಲೇ ಮುಖಕ್ಕೆ ಜೀವ ಬಂದಿದೆ. ಖಾಲಿ ಮೊಳೆ ಇದ್ದದ್ದು ತಾತ ಮತ್ತು ಅಪ್ಪನ ನಡುವೆ. ಅಲ್ಲೇ ನೇತುಹಾಕಿದೆವು. ತಾತನಿಗೂ ಅಪ್ಪನಿಗೂ ಗಂಧದ ಹಾರವಿದೆ. ಸಂಜೆ ಬಂದ ಎದುರುಮನೆಯಾಕೆ ಗೋಡೆ ನೋಡಿದವರೇ ಕುರ್ಚಿಯಲ್ಲಿ ಕುಸಿದು, "ಅಯ್ಯೋ, ಕರಿಯ ಯಾವಾಗ ಹೋದ ಸಾರ್? ಒಂದು ಮಾತು ಹೇಳಲಿಲ್ಲವಲ್ಲ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವರ ಕಣ್ಣು ಕಾಲ ಬಳಿ ಮಲಗಿದ್ದವನ ಮೇಲೆ ಬಿತ್ತು. "ಓ, ಆಗಲೇ ಇನ್ನೊಂದು ತಂದಿದ್ದೀರಾ? ಒಳ್ಳೇದಾಯ್ತು ಬಿಡಿ. ಆದರೂ ಕರಿಯನಷ್ಟು ಲಕ್ಷಣವಾಗಿಲ್ಲ. ಕಿವಿ ಬೇರೆ ಹರಿದಿದೆ."

ಮಗಳಿಗೆ ಈ ವಿಷಯ ತಿಳಿದ ಕೂಡಲೇ ಕಲಾವಿದರಿಗೆ ಫೋನು ಹೋಯಿತು. ತೈಲವರ್ಣ ಪೂರ್ತಿ ಒಣಗಲು ಆರು ತಿಂಗಳಾದರೂ ಬೇಕು, ವಾರ್ನಿಷ್ ಹಚ್ಚುವುದು ಆಮೇಲೆ, ಅಷ್ಟರೊಳಗೆ ತಂದರೆ ಕಿವಿ ಹರಿದುಕೊಡುತ್ತೇನೆ ಎಂದಿದ್ದಾರೆ. ಅದಕ್ಕೆ ಬೇರೆ ಚಾರ್ಜು. ನೀವೇನಾದರೂ ನಿಮ್ಮ ನಾಯಿಯ ಚಿತ್ರ ಬರೆಸುವುದಿದ್ದರೆ, ಕಿವಿ, ಬಾಲ, ಮಚ್ಚೆಗಳ ಬಗ್ಗೆ ಮನೆಯವರೆಲ್ಲ ಒಂದು ತೀರ್ಮಾನಕ್ಕೆ ಬಂದಮೇಲೆಯೇ ಮುಂಗಡ ಕೊಡಿ.