ವ್ಯಾನಿನ ಹಿಂದೊಂದು ಸಂಸಾರ

ಮನೆಯ ಸಾಲ ತೀರುವ ಸೂಚನೆಯೇ ಇಲ್ಲದಿರುವಾಗ ನಮಗೆ ಇನ್ನೊಂದು ಮನೆ ಬೇಕೆನಿಸಿತು. ಅದೂ ಚಕ್ರ ಇರುವ ಮನೆ. ಅಮೆರಿಕಕ್ಕೆ ಬಂದ ಕನ್ನಡಿಗರಿಗೆ ವಯಸ್ಸಿಗೆ ತಕ್ಕಂತೆ ಬರುವ ಕಾಯಿಲೆಗಳಿವೆ: ಮೊದಲು ಕಾಸ್ಟ್‌ಕೋ ಸದಸ್ಯತ್ವ, ಆಮೇಲೆ ಮಿನಿವ್ಯಾನು, ಆಮೇಲೆ ಹಿತ್ತಲಲ್ಲಿ ಬದನೆ ಗಿಡ. ಟ್ರೈಲರ್ ಅನ್ನುವುದು ನಲವತ್ತೈದು ದಾಟಿದ ಮೇಲೆ, ಮೊಣಕಾಲು ನೋವಿನ ಕೈ ಹಿಡಿದುಕೊಂಡು ಬರುವಂಥದ್ದು. ರಾತ್ರಿಯೆಲ್ಲ ಟೆಂಟಿನಲ್ಲಿ ಕಲ್ಲಿನ ಮೇಲೆ ಹೊರಳಾಡಿ, ಬೆಳಿಗ್ಗೆ ಸೊಂಟ ಹಿಡಿದುಕೊಂಡು ಹೊರಗೆ ಬಂದರೆ, ಪಕ್ಕದಲ್ಲಿ ಎಪ್ಪತ್ತು ದಾಟಿದ ಅಜ್ಜನೊಬ್ಬ ತನ್ನ ಟ್ರೈಲರಿನ ಮೆಟ್ಟಿಲ ಮೇಲೆ ಕೂತು ಕಾಫಿ ಹೀರುತ್ತಿರುತ್ತಾನೆ. ನಗುತ್ತ ‘ಗುಡ್ ಮಾರ್ನಿಂಗ್’ ಬೇರೆ ಹೇಳುತ್ತಾನೆ. ಸೋಂಕು ತಗಲುವುದು ಅಲ್ಲೇ.

ನಾವಿರುವುದು ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ಪಕ್ಕದ ಊರಲ್ಲಿ. ಪೂರ್ವಕ್ಕೆ ಟಾಹೊ ಸರೋವರ, ಆಗ್ನೇಯಕ್ಕೆ ಯೊಸೆಮಿಟಿ, ಉತ್ತರಕ್ಕೆ ಲ್ಯಾಸೆನ್ ಜ್ವಾಲಾಮುಖಿ. ಇಷ್ಟೆಲ್ಲ ಸುತ್ತ ಇಟ್ಟುಕೊಂಡು ವಾರಾಂತ್ಯವೆಲ್ಲ ಬಟ್ಟೆ ಮಡಿಸುತ್ತ ಕೂರುವುದು ಅನ್ಯಾಯ ಎಂದು ಮನೆಯಲ್ಲಿ ಒಮ್ಮತವಿತ್ತು. ಒಮ್ಮತ ಅಲ್ಲಿಗೇ ಮುಗಿಯಿತು.

ನಾನು ಟ್ರಾವೆಲ್ ಟ್ರೈಲರ್ ಪಕ್ಷ. ಹಾಸಿಗೆ, ಒಲೆ, ಫ್ರಿಜ್ಜು, ಹೀಟರು, ಕಕ್ಕಸು ಎಲ್ಲವನ್ನೂ ಕಾರ್ಖಾನೆಯಲ್ಲೇ ಕೂರಿಸಿ ಕೊಡುತ್ತಾರೆ. ದುಡ್ಡು ಕೊಟ್ಟು ಎಳೆದುಕೊಂಡು ಬಂದರಾಯಿತು. ನನ್ನ ಹೆಂಡತಿ ಕಾರ್ಗೋ ಟ್ರೈಲರ್ ಪಕ್ಷ. ಎಂದರೆ ಹುಲ್ಲು ಕತ್ತರಿಸುವವರು, ಬಡಗಿಗಳು, ಮೋಟಾರ್‌ಬೈಕು ಸಾಗಿಸುವವರು ಹಿಂದೆ ಕಟ್ಟಿಕೊಂಡು ಹೋಗುವ ಕಿಟಕಿಯಿಲ್ಲದ ತಗಡಿನ ಡಬ್ಬ. ಒಳಗೆ ಪ್ಲೈವುಡ್ ಗೋಡೆ, ಪ್ಲೈವುಡ್ ನೆಲ, ಸೂರಿಗೊಂದು ಬಡ ದೀಪ. ಅದನ್ನು ತಂದು ಒಳಗೆ ನಮಗೆ ಬೇಕಾದಂತೆ ಮನೆ ಕಟ್ಟಿಕೊಳ್ಳೋಣ ಅನ್ನುವುದು ಅವಳ ವಾದ.

ಬೇರೆ ಮನೆಗಳಲ್ಲಿ ಈ ಪಕ್ಷಗಳು ಅದಲುಬದಲಾಗಿರುತ್ತವೆ ಎಂದು ಬಲ್ಲೆ. ನಮ್ಮಲ್ಲಿ ಡ್ರಿಲ್ಲು ಹಿಡಿಯುವವಳು ಅವಳು. ನಾನು ಟಾರ್ಚು ಹಿಡಿಯುವವನು. ಚಿಕ್ಕಂದಿನಲ್ಲಿ ಅಪ್ಪ ಫ್ಯೂಸು ಕಟ್ಟುವಾಗ ಟಾರ್ಚು ಹಿಡಿದು, “ಅಲ್ಲಲ್ಲ ಕಣೋ, ಕೈ ಇರೋ ಕಡೆ ಬಿಡು ಬೆಳಕ” ಎಂದು ಬೈಸಿಕೊಂಡು ಬೆಳೆದ ಜೀವ ಇದು. ಇವತ್ತಿಗೂ ಅದೇ ನೌಕರಿ. ಮೇಲಧಿಕಾರಿ ಬದಲಾಗಿದ್ದಾರೆ, ಬೈಗುಳ ಬದಲಾಗಿಲ್ಲ. ಹಾಗಾಗಿ ಖಾಲಿ ಡಬ್ಬ ಎಂದರೆ ನನಗೆ ಕಾಣುವುದು ಬೇಸಿಗೆ ಪೂರ್ತಿ ಟಾರ್ಚು ಹಿಡಿಯುವ ಶಿಕ್ಷೆ.

ಇದರ ನಡುವೆ ಮೂರನೆಯ ಶಕ್ತಿ, ನಮ್ಮ ಅತ್ತೆ. ಆರು ತಿಂಗಳಿಗೆಂದು ತಿಪಟೂರಿನಿಂದ ಬಂದಿದ್ದಾರೆ. ಮಾವ ತೆಂಗಿನ ತೋಟ ಬಿಟ್ಟು ಬರುವವರಲ್ಲ. ವಾಟ್ಸಾಪಿನಲ್ಲಿ ಅರ್ಧ ಹಣೆ ಮಾತ್ರ ತೋರಿಸುತ್ತ ಎಲ್ಲ ಚರ್ಚೆಗೂ ಹಾಜರಿರುತ್ತಾರೆ.

ಮೊದಲ ಸುತ್ತು ನನ್ನದೇ. ಎಲ್ಲರನ್ನೂ ಡೀಲರಿನ ಅಂಗಳಕ್ಕೆ ಕರೆದುಕೊಂಡು ಹೋದೆ. ಅತ್ತೆ ಹಾಸಿಗೆ ಒತ್ತಿ ನೋಡಿದರು, ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಾತ್ರೆ ಹಿಡಿಸುತ್ತದೆಯೇ ಎಂದು ಗೇಣು ಹಾಕಿದರು. “ಚೆನ್ನಾಗಿದೆ ಅಳಿಯಂದ್ರೇ. ನೀವು ಮುಂದೆ ಓಡಿಸ್ತಾ ಇರಿ, ನಾನು ಇಲ್ಲೇ ಮಲಕ್ಕೊಂಡು ಬರ್ತೀನಿ” ಅಂದರು. ಓಡುವಾಗ ಟ್ರಾವೆಲ್ ಟ್ರೈಲರಿನೊಳಗೆ ಜನ ಕೂರುವಂತಿಲ್ಲ, ಕ್ಯಾಲಿಫೋರ್ನಿಯದಲ್ಲಿ ಅದು ಕಾನೂನು ಎಂದೆ. “ಮನೆ ಇದ್ದೂ ಒಳಗಿರೋ ಹಾಗಿಲ್ವಾ?” ಎಂದು ಅವರ ಉತ್ಸಾಹ ಅರ್ಧಕ್ಕಿಳಿಯಿತು.

ಉಳಿದರ್ಧವನ್ನು ಹೆಂಡತಿ ಇಳಿಸಿದಳು. ಹೊರಗಿದ್ದ ಏಣಿ ಹತ್ತಿ ಸೂರಿನ ಮೇಲೆ ಕಣ್ಣಾಡಿಸಿ ಬಂದು, “ಏನ್ರೀ, ಮೇಲೆ ಎಷ್ಟು ತೂತಿದೆ ಗೊತ್ತಾ?” ಅಂದಳು. ನಿಜವೇ. ಫ್ಯಾನಿಗೊಂದು, ಏಸಿಗೊಂದು, ಗಾಳಿಕೊಳವೆಗೊಂದು, ಎಲ್ಲದರ ಸುತ್ತಲೂ ಸೀಲಂಟಿನ ಅಂಟು. ಬಿಸಿಲಿಗೆ ಆ ಅಂಟು ಬಿರಿಯುತ್ತದೆ, ನೀರು ಇಳಿಯುತ್ತದೆ, ಗೋಡೆಯ ಪದರ ಉಬ್ಬಿ ಬಿಟ್ಟುಕೊಳ್ಳುತ್ತದೆ. ಹಾಗಾಗದಂತೆ ಮಾಲೀಕನಾದವನು ವರ್ಷದಲ್ಲಿ ಕೆಲವು ಸಲ ಸೂರು ಹತ್ತಿ ನೋಡಬೇಕು. ಚಳಿಗಾಲಕ್ಕೆ ಮುಂಚೆ ಕೊಳವೆಗಳಿಂದ ನೀರು ಬಸಿದು, ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವ ತುಂಬಬೇಕು. ರೆಡಿಮೇಡ್ ಎಂದು ನಾನು ತಿಳಿದಿದ್ದರಲ್ಲಿ ರೆಡಿ ಇದ್ದದ್ದು ಹಾಸಿಗೆ ಒಂದೇ.

ಈ ದೇಶದ ಇಂಥ ಗಾಡಿಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ. ಅಲ್ಲಿನ ಕಾರ್ಖಾನೆಗಳಲ್ಲಿ ಅಮಿಶ್ ಸಮುದಾಯದವರು ಬಹಳ ಜನ ದುಡಿಯುತ್ತಾರೆ. ಮನೆಗೆ ಕರೆಂಟಿನ ತಂತಿ ಎಳೆಸಿಕೊಳ್ಳದೆ, ಕುದುರೆಗಾಡಿಯಲ್ಲೇ ಓಡಾಡುವ ಜನ ಅವರು. ಅತ್ತೆ ಇದನ್ನು ಕೇಳಿ, “ಮಾಡೋರು ಕುದುರೆಗಾಡೀಲಿ ಹೋಗ್ತಾರೆ, ಕೊಳ್ಳೋರು ನೀವು. ಯಾರು ಜಾಣರು ಅಂತ ನೀವೇ ಹೇಳಿ” ಅಂದರು.

ಮಾನ ಉಳಿಸಿಕೊಳ್ಳಲು ನಾನು ಏರ್‌ಸ್ಟ್ರೀಮಿನ ಕಥೆ ತೆಗೆದೆ. ವಾಲಿ ಬಯಮ್ ಎಂಬಾತ 1931ರಲ್ಲಿ ಶುರು ಮಾಡಿದ ಕಂಪನಿ, ಬೆಳ್ಳಿಯಂತೆ ಹೊಳೆಯುವ ಅಲ್ಯೂಮಿನಿಯಂ ಟ್ರೈಲರು. 1969ರ ಜುಲೈನಲ್ಲಿ ಅಪೊಲೊ 11 ಚಂದ್ರನಿಂದ ಮರಳಿದಾಗ, ಯಾವ ಕ್ರಿಮಿ ತಂದಿದ್ದಾರೋ ಎಂಬ ಭಯಕ್ಕೆ ಗಗನಯಾತ್ರಿಗಳನ್ನು ಹಾರ್ನೆಟ್ ಎಂಬ ಯುದ್ಧನೌಕೆಯ ಮೇಲೆ ಕೂಡಿಹಾಕಿದ್ದು ಮಾರ್ಪಡಿಸಿದ ಏರ್‌ಸ್ಟ್ರೀಮ್ ಟ್ರೈಲರಿನಲ್ಲೇ. ಅಧ್ಯಕ್ಷ ನಿಕ್ಸನ್ ಬಂದು ಅದರ ಕಿಟಕಿಯ ಆಚೆ ನಿಂತು ಮಾತಾಡಿಸಿದರು. ಒಳಗೆ ಮೂವರು ಯಾತ್ರಿಗಳು, ಒಬ್ಬ ವೈದ್ಯ, ಒಬ್ಬ ಎಂಜಿನಿಯರ್: ಒಟ್ಟು ಐದು ಜನ, ನಮ್ಮ ಮನೆಯಷ್ಟೇ!

ಅತ್ತೆ ಗಂಭೀರವಾಗಿ ತಲೆಯಾಡಿಸಿದರು. “ಅಂದ್ರೆ ಮೈಲಿಗೆ ಅಂತ ಹೊರಗಿಟ್ರು. ಸರಿಯಾಗೇ ಮಾಡಿದಾರೆ.”

ನನ್ನ ಪಕ್ಷ ನಿಜವಾಗಿ ಮುಳುಗಿದ್ದು ತೂಕದ ವಿಷಯದಲ್ಲಿ. ನಮ್ಮದು ಟೊಯೊಟಾ ಸಿಯೆನ್ನಾ ಮಿನಿವ್ಯಾನು. ಅದು ಎಳೆಯಬಲ್ಲದ್ದು 3,500 ಪೌಂಡು, ಸುಮಾರು 1,590 ಕೆಜಿ. ಐದು ಜನ ಮಲಗಬಹುದಾದ ಟ್ರೈಲರು ಅಷ್ಟರೊಳಗೆ ಸಿಗುವುದು ಕಷ್ಟ. ಮಾರುವವನು ತೋರಿಸುವುದು ‘ಒಣ ತೂಕ’. ಎಂದರೆ ನೀರಿಲ್ಲ, ಪಾತ್ರೆಯಿಲ್ಲ, ಹೊದಿಕೆಯಿಲ್ಲ, ಅಕ್ಕಿಯಿಲ್ಲ. ಒಂದು ಗ್ಯಾಲನ್ ನೀರಿಗೇ 8.3 ಪೌಂಡು, 30 ಗ್ಯಾಲನ್ನಿನ ತೊಟ್ಟಿ ತುಂಬಿದರೆ 250 ಪೌಂಡು ಹೆಚ್ಚಾಯಿತು. ಇದನ್ನೆಲ್ಲ ಕೇಳಿದ ಮೇಲೆ ಮಾರುವವನು ಬಹಳ ಮೃದುವಾಗಿ, “ನೀವು ಮೊದಲು ಒಂದು ಪಿಕಪ್ ಟ್ರಕ್ಕು ಕೊಳ್ಳಬೇಕು” ಅಂದ. ಅವನ ಅಣ್ಣನ ಬಳಿ ಒಂದು ಇದೆಯಂತೆ.

ಮನೆಗೆ ಬಂದು ಹೆಂಡತಿ ವ್ಯಾನಿನ ಚಾಲಕನ ಬಾಗಿಲು ತೆರೆದು, ಕಂಬಕ್ಕೆ ಅಂಟಿಸಿದ ಚೀಟಿ ತೋರಿಸಿದಳು. ಇಷ್ಟು ವರ್ಷ ಆ ಬಾಗಿಲು ತೆಗೆದು ಹಾಕಿದವನು ನಾನು, ಅಲ್ಲೊಂದು ಚೀಟಿ ಇದೆಯೆಂದು ಕಂಡದ್ದು ಅಂದೇ. ಜನ, ಸಾಮಾನು ಎಲ್ಲ ಸೇರಿ ಇಷ್ಟು ಪೌಂಡು ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ನಮ್ಮದರಲ್ಲಿ 1,200ಕ್ಕಿಂತ ತುಸು ಕಡಿಮೆ. ಟ್ರೈಲರಿನ ಮೂತಿ ಕೊಂಡಿಯ ಮೇಲೆ ಹಾಕುವ ಭಾರವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಅದು ಟ್ರೈಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಇರಬೇಕು. ಅದಕ್ಕಿಂತ ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೈಲರು ಅತ್ತಿತ್ತ ಓಲಾಡಲು ಶುರುವಾಗಿ, ವ್ಯಾನನ್ನೂ ಎಳೆದಾಡಿಬಿಡುತ್ತದೆ.

ನಾನು ಈ ಸತ್ಯವನ್ನು ವಿಡಿಯೊಗಳಲ್ಲಿ ರಾತ್ರಿಗಟ್ಟಲೆ ಕೂತು ಅರ್ಥ ಮಾಡಿಕೊಂಡಿದ್ದೆ. ಮಾವನಿಗೆ ವಿವರಿಸಲು ಶುರು ಮಾಡಿದೆ. ಅರ್ಧ ಹಣೆ ಅಲುಗಿತು. “ಎತ್ತಿನಗಾಡಿ ಹೇರೋದು ಗೊತ್ತಿಲ್ವಾ ನಿಮಗೆ? ಹಿಂಭಾರ ಆದ್ರೆ ಮೂಕಿ ಮೇಲೇಳುತ್ತೆ, ನೊಗದ ಹಗ್ಗ ಎತ್ತಿನ ಕುತ್ತಿಗೆ ಹಿಡಿಯುತ್ತೆ. ಮುಂಭಾರ ಅತಿಯಾದ್ರೆ ಹೆಗಲು ಹುಣ್ಣಾಗುತ್ತೆ. ಒಂಚೂರು ಮುಂಭಾರ ಇರ್ಬೇಕು, ಅಷ್ಟೇ. ಇದಕ್ಕೆ ಇಂಜಿನಿಯರಿಂಗ್ ಓದ್ಬೇಕಾ?” ಓದಿದ ಎಂಜಿನಿಯರ್ ಸುಮ್ಮನಾದ.

ಉಳಿದದ್ದು ಮನೆಯವರನ್ನು ತೂಗುವ ಕೆಲಸ. ಮಕ್ಕಳು ಖುಷಿಯಿಂದ ತೂಕದ ಯಂತ್ರ ಹತ್ತಿದರು. ಹೆಂಡತಿ ತನ್ನ ಅಂಕಿಯನ್ನು ಕೋಷ್ಟಕದಲ್ಲಿ ತಾನೇ ತುಂಬಿ ಆ ಮನೆಗೆ ಬೀಗ ಹಾಕಿದಳು. ಅತ್ತೆಯನ್ನು ಕೇಳುವವರು ಯಾರು? ಬಹಳ ಸುತ್ತಿ ಬಳಸಿ, “ಅತ್ತೆ, ನಿಮ್ಮ ತೂಕ ಅಂದಾಜು...” ಅಂದೆ.

“ತಿಪಟೂರು ಸ್ಟೇಷನ್ನಿನ ಮೆಷಿನ್ನಲ್ಲಿ ನೋಡಿದ್ದೆ. ನಲವತ್ತೆರಡು ಕೆಜಿ.”

“ಯಾವಾಗ ಅತ್ತೆ?”

“ಮದುವೆಗೆ ಮುಂಚೆ.”

ಆ ಅಂಕಿಯನ್ನು ಬರೆದುಕೊಂಡು, ಎದುರಿಗೆ ಕಂಡದ್ದನ್ನು ಮನಸ್ಸಿನಲ್ಲೇ ಸೇರಿಸಿ ಕೂಡಿದೆ. ಐದು ಜನ, ಕೊಂಡಿಯ ಭಾರ ಎಲ್ಲ ಕಳೆದರೆ ವ್ಯಾನಿನಲ್ಲಿ ಉಳಿದದ್ದು ಇಡ್ಲಿ ಕುಕ್ಕರು, ಉಪ್ಪಿನಕಾಯಿ ಜಾಡಿ, ಒಂದೊಂದು ಜೊತೆ ಬಟ್ಟೆಗೆ ಸಾಲುವಷ್ಟು ಜಾಗ. ಗ್ರೈಂಡರನ್ನು ಬಿಟ್ಟು ಹೋಗಬೇಕು ಎಂದಾಗ ಮನೆಯಲ್ಲಿ ಸಾವಿನ ಮನೆಯ ಮೌನ.

ಕಕ್ಕಸಿನ ವಿಷಯ ಬರೆಯಬಾರದು ಅಂದುಕೊಂಡಿದ್ದೆ. ಆದರೆ ಟ್ರೈಲರ್ ಕೊಳ್ಳುವ ಎಲ್ಲ ಮನೆಗಳಲ್ಲೂ ಕೊನೆಗೆ ತೀರ್ಮಾನ ಆಗುವುದು ಅದರ ಮೇಲೆಯೇ. ಟ್ರಾವೆಲ್ ಟ್ರೈಲರಿಗೆ ಮೂರು ತೊಟ್ಟಿ: ಒಳ್ಳೆಯ ನೀರಿನದು, ಸ್ನಾನ ಮತ್ತು ಪಾತ್ರೆ ತೊಳೆದ ನೀರಿನದು, ಮತ್ತು ಮೂರನೆಯದು. ಮೂರನೆಯದನ್ನು ‘ಬ್ಲ್ಯಾಕ್ ಟ್ಯಾಂಕ್’ ಅನ್ನುತ್ತಾರೆ. ಪ್ರವಾಸ ಮುಗಿದ ಮೇಲೆ ಗೊತ್ತುಪಡಿಸಿದ ಜಾಗಕ್ಕೆ ಹೋಗಿ, ಕೈಗವಸು ತೊಟ್ಟು, ದಪ್ಪ ಕೊಳವೆ ಜೋಡಿಸಿ ಬಿಡಬೇಕು. ಇದನ್ನು ನಾನು ಆದಷ್ಟು ವೈಜ್ಞಾನಿಕವಾಗಿ ವಿವರಿಸಿದೆ. ಅತ್ತೆ ಕಿವಿಯ ಮೇಲೆ ಕೈ ಇಟ್ಟುಕೊಂಡರು. “ಅಯ್ಯೋ ಶಿವನೇ! ಅದರ ಮೇಲೆ ಮಲಗಿ, ಅದರ ಪಕ್ಕ ಅಡುಗೆ ಮಾಡಿ, ಅದನ್ನೇ ಊರೂರು ಮೆರವಣಿಗೆ ಮಾಡಿಸ್ತೀರಾ?”

ಹೆಂಡತಿಗೆ ಇದೇ ಬೇಕಿತ್ತು. ಅವಳ ಡಬ್ಬದಲ್ಲಿ ಕೊಳವೆಯೂ ಇಲ್ಲ, ತೊಟ್ಟಿಯೂ ಇಲ್ಲ. ಕ್ಯಾಂಪಿನ ಸಾರ್ವಜನಿಕ ಕಕ್ಕಸು ಇದ್ದೇ ಇದೆ. ರಾತ್ರಿಯ ತುರ್ತಿಗೆ ನೀರು ಬೇಡದ, ಗೊಬ್ಬರವಾಗಿಸುವ ಕಕ್ಕಸು. ಅದಕ್ಕೆ ತುಂಬುವುದು ತೆಂಗಿನ ನಾರಿನ ಪುಡಿ, ಇಟ್ಟಿಗೆಯಂತೆ ಒತ್ತಿ ಮಾರುತ್ತಾರೆ. ಅತ್ತೆ ಆ ಇಟ್ಟಿಗೆಯನ್ನು ಕೈಯಲ್ಲಿ ಹಿಡಿದು ಬೆಲೆಯ ಚೀಟಿ ನೋಡಿ, ಡಾಲರನ್ನು ರೂಪಾಯಿಗೆ ಗುಣಿಸಿ, ಫೋನು ಎತ್ತಿಕೊಂಡರು. “ರೀ, ನಮ್ಮ ಮಟ್ಟೆ ಗುಡ್ಡೆ ಪಕ್ಕ ಬಿದ್ದಿದೆಯಲ್ಲ ಆ ಪುಡಿ, ಅದನ್ನ ಇಲ್ಲಿ ಮಾರ್ತಾರೆ! ಕಕ್ಕಸಿಗೆ ಹಾಕಕ್ಕೆ!” ಆಚೆ ಕಡೆ ಮೊದಲ ಬಾರಿಗೆ ಮಾವನ ಪೂರ್ತಿ ಮುಖ ಕಂಡಿತು.

ಅಲ್ಲಿಗೆ ಬಹುಮತ ಸಿದ್ಧವಾಯಿತು. ಆದರೂ ಕೊಳ್ಳುವ ಮುಂಚೆ ಅಭ್ಯಾಸ ಬೇಕೆಂದು 5 ಅಡಿ ಅಗಲ, 8 ಅಡಿ ಉದ್ದದ ಸರಕು ಟ್ರೈಲರೊಂದನ್ನು ಬಾಡಿಗೆಗೆ ತಂದು, ಭಾನುವಾರ ಖಾಲಿ ಶಾಲೆಯ ಅಂಗಳಕ್ಕೆ ಹೋದೆವು. ಮುಂದಕ್ಕೆ ಓಡಿಸುವುದು ಸುಲಭ. ಟ್ರೈಲರು ಎಳೆಯುವವರು ಇಲ್ಲಿ ಗಂಟೆಗೆ 55 ಮೈಲಿ ಮೀರಬಾರದು, ಬಲಗಡೆಗೇ ಇರಬೇಕು. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಕಾನೂನು. ಹಿಮ್ಮುಖವಾಗಿ ಹೋಗುವುದು ಬೇರೆ. ನಾನು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ. ಟ್ರೈಲರು ಚಿಕ್ಕದಾದಷ್ಟೂ ಬೇಗ ಅಡ್ಡ ತಿರುಗುತ್ತದೆ. ಹೆಂಡತಿ ಹಿಂದೆ ನಿಂತು, “ಬಲಕ್ಕೆ! ನನ್ನ ಬಲ ಅಲ್ಲರೀ, ನಿಮ್ಮ ಬಲ!” ಎಂದು ಕೂಗುತ್ತಿದ್ದಳು. ಮಗ ವಿಡಿಯೊ ತೆಗೆಯುತ್ತಿದ್ದ. ಕೊನೆಗೆ ಅವಳು ನನ್ನನ್ನು ಇಳಿಸಿ, ಸ್ಟೀರಿಂಗಿನ ತಳಭಾಗ ಹಿಡಿದು, ಟ್ರೈಲರು ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸುತ್ತ, ಎರಡು ಗೆರೆಗಳ ನಡುವೆ ತಂದು ನಿಲ್ಲಿಸಿದಳು. ವಿಡಿಯೊದ ಈ ಭಾಗವನ್ನು ಮಗ ನೆಂಟರಿಗೆಲ್ಲ ಕಳಿಸಿದ. ಮೊದಲ ಭಾಗವನ್ನೂ.

6×12 ಅಡಿಯ ಡಬ್ಬ ಕೊಂಡೆವು. ಎಲ್ಲ ತುಂಬಿಯೂ 2,990 ಪೌಂಡು ಮೀರಬಾರದೆಂದು ಅದರ ಮೇಲೇ ಬರೆದಿದೆ, ಖಾಲಿ ತೂಕ ಅದರ ಅರ್ಧಕ್ಕಿಂತ ಕಡಿಮೆ. ಹೊಚ್ಚ ಹೊಸ ಸೂರಿನಲ್ಲಿ ಹೆಂಡತಿ 14 ಅಂಗುಲದ ಚೌಕ ಕೊರೆದು ಫ್ಯಾನು ಕೂರಿಸುವಾಗ ನನ್ನ ಎದೆಯಲ್ಲೇ ಗರಗಸ ಆಡಿದಂತಾಯಿತು. ಗಾಳಿಯಾಡದ ತಗಡಿನ ಪೆಟ್ಟಿಗೆಯಲ್ಲಿ ಮಲಗಿದರೆ ಉಸಿರಿನ ತೇವವೇ ಗೋಡೆಯಲ್ಲಿ ನೀರಾಗಿ ಇಳಿಯುತ್ತದೆ, ಅದಕ್ಕೆ ಫ್ಯಾನು ಬೇಕೇ ಬೇಕು. ಗೋಡೆಗೆ ಫೋಮ್ ಹಲಗೆ, ತಪ್ಪಿಸಿಕೊಳ್ಳುವಷ್ಟು ದೊಡ್ಡ ಕಿಟಕಿ, ಒಳಗಿನಿಂದಲೂ ತೆಗೆಯಬಹುದಾದ ಬಾಗಿಲ ಚಿಲಕ, ಕಾರ್ಬನ್ ಮಾನಾಕ್ಸೈಡ್ ಅಲಾರಂ. ಸಾಮಾನು ಸಾಗಿಸುವ ಡಬ್ಬಕ್ಕೆ ಇವು ಯಾವುವೂ ಬೇಕಿರಲಿಲ್ಲ. ಆಲೂಗಡ್ಡೆ ಮೂಟೆಗೆ ಮಧ್ಯರಾತ್ರಿ ಹೊರಗೆ ಹೋಗುವ ಅವಸರ ಇರುವುದಿಲ್ಲ. ಇದೆಲ್ಲ ಅವಳದೇ ಕೆಲಸ. ನಾನು ಉದ್ದಕ್ಕೂ ಜೊತೆಗಿದ್ದೆ. “ಮಟಮಟ ಮಧ್ಯಾಹ್ನ ಕಣ್ರೀ, ಆ ಟಾರ್ಚು ಆರಿಸಿ” ಎಂದು ಅವಳು ಹೇಳುವವರೆಗೆ.

ನಮ್ಮ ಬಡಾವಣೆಯ ಸಂಘದವರು ಮನೆ ಮುಂದೆ ಟ್ರೈಲರು ನಿಲ್ಲಿಸಬಾರದೆಂದು ಕಾಗದ ಕಳಿಸಿದರು. ಕೆಲವು ಖಾಸಗಿ ಕ್ಯಾಂಪುಗಳು ಮನೆಯಲ್ಲಿ ಮಾಡಿದ ಗಾಡಿಗೆ ಜಾಗ ಕೊಡುವುದಿಲ್ಲ. ಸರ್ಕಾರಿ ಕಾಡಿನ ಕ್ಯಾಂಪುಗಳಲ್ಲಿ ಯಾರೂ ಏನೂ ಕೇಳಿಲ್ಲ.

ಈಗಿನ ವ್ಯವಸ್ಥೆ ಹೀಗಿದೆ: ಡಬ್ಬದಲ್ಲಿ ಒಂದು ಒಳ್ಳೆಯ ಮಂಚ, ಅದರ ತಲೆದಿಸೆಯಲ್ಲಿ ದೇವರ ಗೂಡು, ಹಿಂಬಾಗಿಲು ತೆಗೆದರೆ ಹೊರಗೆ ಎಳೆಯುವ ಒಲೆಯ ಕಟ್ಟೆ. ಮಂಚ ಅತ್ತೆಯದು. ಉಳಿದ ನಾಲ್ವರೂ ಟೆಂಟಿನಲ್ಲಿ. ಅತ್ತೆ ಊರಿಗೆ ಹೊರಟ ಮೇಲೆ ಮಂಚ ಯಾರಿಗೆ ಎಂಬ ಬಗ್ಗೆ ಮಕ್ಕಳ ಅರ್ಜಿ ಆಗಲೇ ಸಲ್ಲಿಕೆಯಾಗಿದೆ, ನನ್ನದು ಪರಿಶೀಲನೆಯಲ್ಲಿದೆ. ನನ್ನ ತೀರ್ಪು ಇಷ್ಟು: ಮನೆಯಲ್ಲಿ ಡ್ರಿಲ್ಲು ಹಿಡಿಯುವ ಒಂದು ಕೈ ಇದ್ದರೆ ಖಾಲಿ ಡಬ್ಬ, ಇಲ್ಲದಿದ್ದರೆ ಮೂರು ತೊಟ್ಟಿಯ ಮನೆ. ಎರಡಕ್ಕೂ ಮೊದಲು ದಯವಿಟ್ಟು ನಿಮ್ಮ ಕಾರಿನ ಬಾಗಿಲು ತೆಗೆದು ಆ ಚೀಟಿ ಓದಿ, ಮನೆಯವರನ್ನೆಲ್ಲ ತೂಗಿ. ಅತ್ತೆಯವರನ್ನು ಕೇಳುವ ಕೆಲಸ ಮಾತ್ರ ಅವರ ಮಗಳಿಗೇ ಬಿಡಿ.