ಕಾಫಿ ಸರಪಳಿ ಮೀಮಾಂಸೆ: ಅರಬೈಲ್ ಭಾಷ್ಯ ಸಹಿತ

ಸರಪಳಿ ಕಾಫಿ ಅಂಗಡಿಗಳ ವ್ಯವಹಾರ ರಹಸ್ಯದ ಬಗ್ಗೆ ಮ್ಯಾನೇಜ್‌ಮೆಂಟ್ ಪಂಡಿತರು ಬರೆದಿರುವುದು ರಾಶಿ ಇದೆ. ಆದರೆ ಅವರು ಅರಬೈಲ್ ಘಟ್ಟವನ್ನು ಲೆಕ್ಕಕ್ಕೇ ಹಿಡಿದಿಲ್ಲ. ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಹೆದ್ದಾರಿಯ ಈ ತಿರುವುಗಳಲ್ಲಿ ಕ್ಯಾಪುಚಿನೊ ಕೇಳುವವರಿಲ್ಲ. ನಿಷ್ಪಕ್ಷಪಾತ ಅಧ್ಯಯನಕ್ಕೆ ಇದಕ್ಕಿಂತ ಪ್ರಶಸ್ತ ಸ್ಥಳ ಇನ್ನೆಲ್ಲಿ? ಆದಕಾರಣ ಲೋಕಹಿತಕ್ಕಾಗಿ ಈ ಗ್ರಂಥ.

ಸೂತ್ರ 1: ಮಾರುವುದು ಕುರ್ಚಿ, ಬಿಲ್ಲು ಕಾಫಿಯ ಹೆಸರಲ್ಲಿ.

ಭಾಷ್ಯ: ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿಗೇ ಒಪ್ಪಿಸಬೇಕೆಂಬ ಕಟ್ಟು 1990ರ ದಶಕದಲ್ಲಿ ಸಡಿಲವಾಯಿತು. ಚಿಕ್ಕಮಗಳೂರಿನ ವಿ. ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ಅಲ್ಲಿ ಕಾಫಿಯ ಜೊತೆಗೆ ಇಂಟರ್‌ನೆಟ್ಟೂ ಇತ್ತು. ಕಾಫಿ ಮುಗಿಸಲು ಐದು ನಿಮಿಷ ಸಾಕು. ಆಗಿನ ಇಂಟರ್‌ನೆಟ್ಟಿನಲ್ಲಿ ಒಂದು ಚಿತ್ರ ಪೂರ್ತಿ ಮೂಡಲೇ ಅಷ್ಟು ಹೊತ್ತು ಬೇಕು. ಗಿರಾಕಿ ಕೂತ. ಕೂತವನು ಇನ್ನೊಂದು ತರಿಸಿದ. ದರ್ಶಿನಿಯಲ್ಲಿ ನಿಂತೇ ಬೈಟು ಹೀರಿ ಲೋಟ ಇಟ್ಟು ನಡೆಯುವವನಿಗೂ ಇವನಿಗೂ ಭೇದ ಇಷ್ಟೇ.

ಪೂರ್ವಪಕ್ಷ: ಇದರಲ್ಲಿ ಹೊಸತೇನು ಎಂದು ಸಿರ್ಸಿ, ಸಿದ್ದಾಪುರದ ಕಡೆಯಿಂದ ಆಕ್ಷೇಪ ಬರುತ್ತದೆ. ಅಡಿಕೆ ತೋಟದ ಮನೆಗಳ ಜಗಲಿಯಲ್ಲಿ ಈ ವ್ಯವಸ್ಥೆ ತಲೆತಲಾಂತರದಿಂದ ನಡೆದಿದೆ. ‘ಆಸರಿಗೆ ಎಂತ ಅಡ್ಡಿಲ್ಲೆ?’ ಎಂದು ಕೇಳಿ ಆರ್ಡರ್ ಪಡೆಯಲಾಗುತ್ತದೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಪುಡಿ ಹಾಕಿ ಬೆಲ್ಲದಲ್ಲಿ ಕುದಿಸಿದ ಕಷಾಯ ಬರುತ್ತದೆ. ಬೆನ್ನಿಗೇ ಕವಳದ ತಟ್ಟೆ. ಚಾಲಿ ದರ ಏರೀತೇ ಎಂಬ ವಿಚಾರಗೋಷ್ಠಿ ಮುಗಿಯುವಷ್ಟರಲ್ಲಿ ‘ಊಟ ಮಾಡ್ಕಂಡೇ ಹೋಗಿ’ ಎಂಬ ವಿಶೇಷ ಕೊಡುಗೆ. ಆದಾಯ ಸೊನ್ನೆ, ಗಿರಾಕಿ ನಿಷ್ಠೆ ಅಪಾರ.

ಸಮಾಧಾನ: ಜಗಲಿಗೆ ಬಾಡಿಗೆ ಇಲ್ಲ.

ಸೂತ್ರ 2: ಕುರ್ಚಿ ಖಾಲಿಯಿದ್ದರೂ ಬಾಡಿಗೆ ಏಳುವುದಿಲ್ಲ.

ಭಾಷ್ಯ: ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡವರು ಎ. ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರ ಸಂಘ ಕಟ್ಟಿದರು. ಮೊದಲನೆಯದು ಹುಟ್ಟಿದ್ದು 1957ರಲ್ಲಿ, ಬೆಂಗಳೂರಿನಲ್ಲೇ. 1923ರಿಂದ ತೋಟಗಾರ್ಸ್ ಸೊಸೈಟಿ ಕಂಡ ಸಿರ್ಸಿಗೆ ಸಹಕಾರದ ಪಾಠ ಹೇಳಬೇಕಿಲ್ಲ. ಆದರೆ ಮಾಲೀಕರೇ ಪೇಟ ಸುತ್ತಿ ಕಾಫಿ ತಂದುಕೊಟ್ಟರೂ ಕಟ್ಟಡ ಬೇರೆಯವರದು. ಎಂ. ಜಿ. ರಸ್ತೆಯ ಹಳೆಯ ಕಾಫಿ ಹೌಸ್ 2009ರಲ್ಲಿ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು.

ಕಾಫಿ ಡೇ ಕಥೆ ಇದಕ್ಕಿಂತ ಭಾರ. 2015ರಲ್ಲಿ ಷೇರುಪೇಟೆಯಿಂದ 1,150 ಕೋಟಿ ರೂಪಾಯಿ ಎತ್ತಿದ ಸಮೂಹದ ಮೇಲೆ 2019ರ ಮಾರ್ಚ್ ಕೊನೆಗೆ ಸುಮಾರು 7,200 ಕೋಟಿ ಸಾಲವಿತ್ತು. ಅಷ್ಟೂ ಕಾಫಿ ಕುಡಿಸಿ ಆದದ್ದಲ್ಲ. ಟೆಕ್ ಪಾರ್ಕು, ಸರಕು ಸಾಗಣೆ ಎಂದು ವ್ಯವಹಾರ ಹರಡಿತ್ತು. ಆ ಜುಲೈಯಲ್ಲಿ ಸಿದ್ಧಾರ್ಥ ತೀರಿಕೊಂಡರು. ಭಾಷ್ಯಕಾರರಿಗೂ ಇಲ್ಲಿ ನಗೆಯಾಡಲು ಮನಸ್ಸು ಬಾರದು. ಟೆಕ್ ಪಾರ್ಕ್ ಮಾರಿ, ನಷ್ಟದ ಕೆಫೆಗಳನ್ನು ಮುಚ್ಚಿ ಸಾಲ ಇಳಿಸಲಾಯಿತು. 2020ರ ಡಿಸೆಂಬರಿನಲ್ಲಿ ಅವರ ಪತ್ನಿ ಮಾಳವಿಕಾ ಹೆಗ್ಡೆ ಸಂಸ್ಥೆಯ ಹೊಣೆ ಹೊತ್ತರು.

ಸೂತ್ರ 3: ಗಿರಾಕಿ ತನ್ನ ಕುರ್ಚಿ ತಾನೇ ತಂದರೆ ಉತ್ತಮ.

ಭಾಷ್ಯ: ಈಗ ಅರಬೈಲ್. ಏರು ಹತ್ತಿ ಎಂಜಿನ್ ಕಾದ ಲಾರಿ ತಾನಾಗಿಯೇ ನಿಲ್ಲುತ್ತದೆ. ಜಾಹೀರಾತಿನ ಖರ್ಚು ಘಟ್ಟದ್ದು. ಡ್ರೈವರ್ ಇಳಿದು ಮೈಮುರಿದು, ಗಾಜಿನ ಲೋಟದಲ್ಲಿ ಚಾ ಹಿಡಿದು ಟೈರಿಗೊಂದು ಒದೆ ಕೊಟ್ಟು ನೋಡಿ, ಮತ್ತೆ ತನ್ನ ಸೀಟಿಗೇ ಏರುತ್ತಾನೆ. ಬೇಲೆಕೇರಿ ಬಂದರಿಗೆ ಅದಿರು ಇಳಿಯುತ್ತಿದ್ದ ಕಾಲದಲ್ಲಿ ಇದೇ ದಾರಿಯಲ್ಲಿ ಲಾರಿಗಳ ಸಾಲು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು, ಆ ಸಾಲು ಕರಗಿತು. 2021ರ ಜುಲೈ ಮಳೆಗೆ ಧರೆ ಕುಸಿದು ಹೆದ್ದಾರಿಯೇ ಬಂದಾಯಿತು. ಇಂಥ ಹೊತ್ತಲ್ಲಿ ಚಾದಂಗಡಿಯವನು ಹಾಲು ಕಡಿಮೆ ತರುತ್ತಾನೆ, ಒಲೆ ತಡವಾಗಿ ಹೊತ್ತಿಸುತ್ತಾನೆ. ಏಸಿ ಹಾಕಿ, ಸೋಫಾ ಇಟ್ಟು, ಬ್ಯಾಂಕಿಗೆ ಕಂತು ಕಟ್ಟುವವನಿಗೆ ಆ ಅನುಕೂಲ ಇಲ್ಲ.

ಫಲಶ್ರುತಿ: ಇದನ್ನು ಓದಿ ಫ್ರಾಂಚೈಸಿ ಹಿಡಿಯಲು ಹೊರಟವರು ಮೊದಲು ಜುಲೈ ತಿಂಗಳಲ್ಲಿ ಅರಬೈಲ್ ಘಟ್ಟ ಒಮ್ಮೆ ಹತ್ತಿ ಇಳಿಯಿರಿ. ಸಾಲದ ಅರ್ಜಿ ಆಮೇಲೆ ತುಂಬಬಹುದು.